ಒಂದೂ ಸಸಿ ನೆಡದೆ ನಮ್ಮ ಪಂಚಾಯಿತಿ ಕಾಂಡ್ಲ ಬೆಳೆಸಿದ ಬಗೆ

ಅಘನಾಶಿನಿ ಅಳಿವೆಯ ಅಂಚಿನಲ್ಲಿರುವ ನಮ್ಮ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ, ಪಾಳುಬಿದ್ದಿದ್ದ ಗಜನಿಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆಯ) ಸುಮಾರು ನಾಲ್ಕು ಎಕರೆಯಲ್ಲಿ ಈಗ ಕಾಂಡ್ಲ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಬೆಳೆದಿದೆ. ಅದರಲ್ಲಿ ನಾವು ನೆಟ್ಟ ಗಿಡ ಒಂದೂ ಇಲ್ಲ. ಕಟ್ಟೆ ಒಡೆದು ಉಬ್ಬರದ ನೀರಿಗೆ ದಾರಿ ಬಿಟ್ಟರೆ ಗಿಡ ತಾನಾಗಿ ಬರುತ್ತದೆ ಎಂದು ಗ್ರಾಮಸಭೆಯಲ್ಲಿ ನಾನು ಹೇಳಿದಾಗ ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಅಧಿಕಾರಿಯೊಬ್ಬರಂತೂ "ಸಸಿಯೇ ಇಲ್ಲದ ಕಾಮಗಾರಿಗೆ ಬಿಲ್ ಹೇಗೆ ಮಾಡುತ್ತೀರಿ ಅಧ್ಯಕ್ಷರೇ?" ಎಂದು ಕೇಳಿ ಕಡತವನ್ನು ಹಿಂದಕ್ಕೆ ಕೊಟ್ಟಿದ್ದರು. ಈಗ ನೆರೆಯ ಪಂಚಾಯಿತಿಗಳವರು ನೋಡಲು ಬರುತ್ತಿರುವುದರಿಂದ, ಈ ಕೆಲಸದ ಪರಿಚಯವಿರುವವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಅದೇ ಜಾಗದಲ್ಲಿ ಹಿಂದೊಮ್ಮೆ ಸಂಸ್ಥೆಯೊಂದು ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಸಾಲುಸಾಲಾಗಿ ನೆಡಿಸಿತ್ತು. ಸಸಿ, ಸಾಗಣೆ, ಕಾವಲು ಎಲ್ಲ ಸೇರಿ ಎರಡು ಲಕ್ಷಕ್ಕೂ ಮೇಲೆ ಖರ್ಚಾಗಿತ್ತು. ಎರಡನೆಯ ಮಳೆಗಾಲದ ಹೊತ್ತಿಗೆ ಹತ್ತರಲ್ಲಿ ಒಂದು ಉಳಿದಿದ್ದರೆ ಹೆಚ್ಚು. ದನ ತಿಂದವೆಂದು ಎಲ್ಲರೂ ಹೇಳಿದರು, ಆದರೆ ನಿಜವಾದ ಕಾರಣ ನೀರು. ಹಳೆಯ ಕಟ್ಟೆ ಅರೆಬರೆ ಉಳಿದುಕೊಂಡಿದ್ದರಿಂದ ಒಳಗೆ ಬಂದ ನೀರು ಹೊರಗೆ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ಬೇರು ವಾರಗಟ್ಟಲೆ ಮುಳುಗಿ ಕೊಳೆಯುತ್ತಿತ್ತು, ಬೇಸಿಗೆಯಲ್ಲಿ ಅದೇ ನೆಲ ಒಣಗಿ ಉಪ್ಪು ಬೆಳ್ಳಗೆ ಪದರುಗಟ್ಟುತ್ತಿತ್ತು. ಕಟ್ಟೆಯ ಹೊರಗಿನ ಮರಗಳು ಪ್ರತಿ ಮಳೆಗಾಲದಲ್ಲಿ ಉದುರಿಸುವ ಸಾವಿರಾರು ಕಾಯಿಗಳು ತೇಲಿ ಬಂದು, ಕಟ್ಟೆಗೆ ಬಡಿದು, ಇಳಿತದೊಂದಿಗೆ ಹಿಂದಿರುಗುವುದನ್ನು ನೋಡಿದ ಮೇಲೆ ಸಸಿ ಕೊಳ್ಳುವುದು ವ್ಯರ್ಥವೆಂದು ನನಗೆ ಖಚಿತವಾಯಿತು.

ಕೆಲಸಕ್ಕಿಂತ ಹಣದ ದಾರಿ ಹೆಚ್ಚು ಕಾಡಿತು. ಉದ್ಯೋಗ ಖಾತ್ರಿಯಲ್ಲಿ ಆಗ ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. ಒಟ್ಟು ವೆಚ್ಚದಲ್ಲಿ ಕೂಲಿ ಶೇ 60ಕ್ಕಿಂತ ಕಡಿಮೆಯಾಗುವಂತಿರಲಿಲ್ಲ. ನಮ್ಮದು ಬಹುಪಾಲು ಕೂಲಿಯೇ ಆದ್ದರಿಂದ, ಕಾಮಗಾರಿಯನ್ನು ವನೀಕರಣವೆಂದು ತೋರಿಸದೆ ಹಳೆಯ ತೋಡಿನ (ಉಬ್ಬರದ ನೀರು ಹರಿಯುವ ಕಾಲುವೆಯ) ಹೂಳೆತ್ತುವ ಕೆಲಸವೆಂದು ಕ್ರಿಯಾ ಯೋಜನೆಯಲ್ಲಿ ಸೇರಿಸಿದೆವು. ಸುಮಾರು ಸಾವಿರ ಮಾನವ ದಿನಗಳು ಆಗಿರಬೇಕು; 2023–24ರಲ್ಲಿ ದಿನಗೂಲಿ 316 ರೂಪಾಯಿ ಇದ್ದುದರಿಂದ ಕೂಲಿ ಮೂರು ಲಕ್ಷಕ್ಕಿಂತ ತುಸು ಹೆಚ್ಚಾಯಿತು. ಅಂದಾಜು ಪಟ್ಟಿಯಲ್ಲಿ ನೇರವಾದ ಕಾಲುವೆ ಬರೆದಿದ್ದರು. ಉಬ್ಬರದ ನೀರು ಅಂಕುಡೊಂಕಾಗಿ ಹರಿಯುತ್ತದೆ, ಹಳೆಯ ತೋಡಿನ ಜಾಡಿನಲ್ಲೇ ಅಗೆಯಬೇಕು ಎಂದು ವಾದಿಸಿ ಅದನ್ನು ತಿದ್ದಿಸಲು ಒಂದು ಚಳಿಗಾಲವೇ ಹೋಯಿತು. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಸೇರಿತು. ಅದರಿಂದ ನಮಗೆ ಹಣವೇನೂ ಬರಲಿಲ್ಲ, ಆದರೆ ಕುಳಿತಿದ್ದ ಕಡತ ಎದ್ದಿತು.

ಹಾಜರಾತಿಯದ್ದು ಬೇರೆಯೇ ಕಥೆ. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ಕೆಲಸಗಾರರ ಚಿತ್ರ ತೆಗೆಯಬೇಕಿತ್ತು, ಇಳಿತವಾದರೋ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತದೆ. ಮೊದಲ ಚಿತ್ರದ ಹೊತ್ತಿಗೆ ಸೊಂಟದವರೆಗೆ ನೀರು, ನೀರಿಳಿದು ಅಗೆಯಲು ಕೂಡುವ ಹೊತ್ತಿಗೆ ಎರಡನೆಯ ಚಿತ್ರದ ಸಮಯ ಮುಗಿದಿರುತ್ತಿತ್ತು. ಅಗೆದ ಅಂಚಿನ ಕೆಸರು ರಾತ್ರಿಯ ಉಬ್ಬರಕ್ಕೆ ಜಾರಿ ಬೀಳುತ್ತಿದ್ದುದರಿಂದ ಅಳತೆ ಕಡಿಮೆಯಾಗಿ, ಕೂಲಿಯೂ ಕಡಿಮೆ ಬಂದು, ಹೆಂಗಸರು ಕೆಲಸ ಬಿಟ್ಟು ಬಳಚು (ಚಿಪ್ಪುಮೀನು) ಹೆಕ್ಕಲು ಹೊರಟರು. ಅದು ನ್ಯಾಯವೇ ಆಗಿತ್ತು. ತಾಂತ್ರಿಕ ಸಹಾಯಕರು ಅದೇ ಇಳಿತದಲ್ಲಿ ದಂಡೆಗೆ ಬಂದು, ಎತ್ತಿ ಹಾಕಿದ ಮಣ್ಣಿನ ಗುಡ್ಡೆಯನ್ನು ಅಳೆಯುವ ವ್ಯವಸ್ಥೆ ಮಾಡಿದ ಮೇಲೆಯೇ ಅವರು ಮರಳಿದರು. ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿಯ) ವಾರಗಳನ್ನು ಅಮಾವಾಸ್ಯೆ, ಹುಣ್ಣಿಮೆಗೆ ಹೇಗೆ ಹೊಂದಿಸಿದೆವು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದವರಿಗೆ ಕೂಲಿಕಾರರ ಗುಂಪು ನೋಡಿಕೊಳ್ಳುವ ನಮ್ಮ ಕಾಯಕ ಬಂಧು ತೋರಿಸಿಕೊಡುತ್ತಾರೆ.

ಅನುಮತಿ ಬಂದ ನಂತರ ಕಟ್ಟೆಗೆ ತೆಗೆದ ಮೊದಲ ಬಾಯಿ ಕೆಲವೇ ವಾರಗಳಲ್ಲಿ ಹೂಳಿನಿಂದ ಮುಚ್ಚಿಹೋಯಿತು. ಎರಡನೆಯದನ್ನು ಹಳೆಯ ತೋಡು ಹೊಳೆಗೆ ಸೇರುತ್ತಿದ್ದ ಕಡೆಯಲ್ಲಿ, ಮೊದಲಿನದಕ್ಕಿಂತ ಹೆಚ್ಚು ಅಗಲವಾಗಿ ತೆಗೆದೆವು. ಅಗಲ ಎಷ್ಟಿರಬೇಕೆಂಬ ಲೆಕ್ಕ ನನ್ನದೇ. ಅದು ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಅಂಕಿ ಕೊಟ್ಟು ಯಾರನ್ನೂ ದಾರಿ ತಪ್ಪಿಸಲಾರೆ. ಗಾರೆ ಕೆಲಸದವರ ನೀರಿನ ಟ್ಯೂಬಿನಿಂದಲೇ ನೆಲದ ಎತ್ತರ ನೋಡಿ, ಹೊರಗೆ ಚೆನ್ನಾಗಿ ಬೆಳೆದ ಉಪ್ಪಟ್ಟಿ (ಕಾಂಡ್ಲದ ಒಂದು ಜಾತಿ) ಮರಗಳ ಬುಡದ ಮಟ್ಟಕ್ಕೆ ಹೋಲಿಸಿದೆವು. ಅದಕ್ಕಿಂತ ತಗ್ಗಾಗಿದ್ದ ಗುಂಡಿಗಳಿಗೆ ತೋಡಿನ ಮಣ್ಣನ್ನೇ ತುಂಬಿದೆವು. ಇಳಿತದಲ್ಲಿ ಎಲ್ಲಿಯೂ ನೀರು ನಿಲ್ಲಬಾರದು ಎಂಬುದೊಂದನ್ನೇ ಪಟ್ಟು ಹಿಡಿದು ನೋಡಿಕೊಂಡೆ.

ಜೊತೆಗೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ತೇಲಿ ಬಂದ ಕಾಯಿಗಳು ಹಿಂದಿರುಗದಂತೆ ಬಿದಿರಿನ ಗೂಟಕ್ಕೆ ಹಳೆಯ ಬಲೆ ಕಟ್ಟಿ ನೋಡಿದೆವು. ಕಾಯಿಗಿಂತ ಪ್ಲಾಸ್ಟಿಕ್ ಕಸವೇ ಹೆಚ್ಚು ಸಿಕ್ಕಿತು, ಬಲೆಯಲ್ಲಿ ಏಡಿಗಳು ಸಿಲುಕಿ ಸಾಯತೊಡಗಿದ್ದರಿಂದ ಅದನ್ನು ಕಿತ್ತು ಹಾಕಿದೆವು. ಬಲೆಯಿಲ್ಲದೆ ಬರಿಯ ಸೊಪ್ಪು, ಕಡ್ಡಿಗಳನ್ನು ಅಡ್ಡಲಾಗಿ ಹಾಸಿದ ಕಡೆ ಕಾಯಿಗಳು ಚೆನ್ನಾಗಿ ನಿಂತವು. ಒಳಗಿನ ಎತ್ತರದ ಪಟ್ಟಿಯಲ್ಲಿ ರೈತರೊಬ್ಬರು ಉಪ್ಪು ತಾಳುವ ಕಗ್ಗ ಭತ್ತ ಬಿತ್ತಿದರು. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತಿದ್ದರಿಂದ ತೆನೆ ಬಂತು, ಆದರೆ ಅರ್ಧವನ್ನು ಹಕ್ಕಿಗಳು ತಿಂದವು.

2024ರ ಮಳೆಗಾಲ ಕಳೆದಾಗ ತೋಡಿನ ಎರಡೂ ದಡಗಳಲ್ಲಿ ಉಪ್ಪಟ್ಟಿಯ ಎರಡೆಲೆಯ ಮೊಳಕೆಗಳು ಕಾಲಿಡಲು ಜಾಗವಿಲ್ಲದಷ್ಟು ಎದ್ದಿದ್ದವು. ಮರುವರ್ಷ ಅವು ತೊಡೆಯೆತ್ತರ ದಾಟಿದವು, ನೀರಿನ ಅಂಚಿನಲ್ಲಿ ಊರುಬೇರಿನ ಕಾಂಡ್ಲವೂ ಬಂತು. ಹಿಂದಿನ ನೆಡುತೋಪಿನಲ್ಲಿ ಒಂದೇ ಜಾತಿಯಿತ್ತು; ಇಲ್ಲಿ ನಾಲ್ಕೈದು ಜಾತಿಗಳಿವೆ.

ಉಳಿಸಿಕೊಳ್ಳುವ ಕೆಲಸಕ್ಕೂ ಇದೇ ಬೆಳವಣಿಗೆ ಬಲ ಕೊಟ್ಟಿತು. ಕಾಂಡ್ಲ 1000 ಚದರ ಮೀಟರ್ ಮೀರಿದರೆ ಸುತ್ತಲಿನ 50 ಮೀಟರ್ ಕೂಡ ಕರಾವಳಿ ನಿಯಂತ್ರಣ ವಲಯದ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. ನಮ್ಮ ಜೀವವೈವಿಧ್ಯ ನಿರ್ವಹಣಾ ಸಮಿತಿ ಆ ಗಡಿಯನ್ನು ಅಳೆದು ದಾಖಲೆಯಲ್ಲಿ ಬರೆದಿಟ್ಟಿದ್ದರಿಂದಲೇ, ಪಕ್ಕದ ತಗ್ಗಿಗೆ ಮಣ್ಣು ತುಂಬಲು ಬಂದ ಅರ್ಜಿಯನ್ನು ಸಭೆಯಲ್ಲಿ ತಿರಸ್ಕರಿಸಲು ಸಾಧ್ಯವಾಯಿತು. ಮುಂದಿನ ತುಂಡು ಇದಕ್ಕಿಂತ ದೊಡ್ಡದು. ಅದರ ಅಂದಾಜು ಪಟ್ಟಿಯಲ್ಲಿ ಈ ಬಾರಿ ತೋಡನ್ನು ಮೊದಲಿನಿಂದಲೇ ಅಂಕುಡೊಂಕಾಗಿ ಬರೆಸಿದ್ದೇನೆ.