ಅಂಬರ್ ಮುಟ್ಟದೆ ದೆಲಾಕ್ರುವಾನ ನೆರಳು ಬರೆದ ಬಗೆ

ಫ್ರೆಂಚ್ ಚಿತ್ರಕಾರ ದೆಲಾಕ್ರುವಾನ ‘ಅಲ್ಜಿಯರ್ಸಿನ ಹೆಂಗಸರು’ ಚಿತ್ರವನ್ನು ನಕಲು ಮಾಡಲು ಕೂತವರಲ್ಲಿ ನನಗೆ ಗೊತ್ತಿರುವವರೆಲ್ಲ ಮೊದಲು ಕ್ಯಾನ್ವಾಸಿಗೆ ಅಂಬರ್ ಎಂಬ ಕಂದು ಬಣ್ಣ ಬಳಿಯುತ್ತಾರೆ, ಆಮೇಲೆ ಪದರ ಪದರವಾಗಿ ಗ್ಲೇಜ್, ಅಂದರೆ ತೆಳುವಾದ ಪಾರದರ್ಶಕ ಬಣ್ಣ, ಏರಿಸುತ್ತಾರೆ. ಆ ಅಂಬರ್ ಟ್ಯೂಬಿನ ಮುಚ್ಚಳವನ್ನೇ ತೆಗೆಯುವುದಿಲ್ಲ ಎಂದು ನಾನು ಹೇಳಿದಾಗ ಬಳಗದ ಹಿರಿಯರೊಬ್ಬರು, “ನೆರಳು ತೇಲುತ್ತದೆ ಕಣಯ್ಯ, ಕೋಣೆಗೆ ಆಳವೇ ಬರುವುದಿಲ್ಲ” ಎಂದರು. ಚಿತ್ರ ಈಗ ಮೈಸೂರಿನ ಒಂದು ಮನೆಯ ಗೋಡೆಯ ಮೇಲಿದೆ. ಆಳ ಚೆನ್ನಾಗಿಯೇ ಬಂದಿದೆ. ಅದೇ ಹಿರಿಯರು ಮೊನ್ನೆ ಫೋನ್ ಮಾಡಿ, ಹಸಿರಿಗೆ ಏನು ಬೆರೆಸಿದೆ ಎಂದು ವಿಚಾರಿಸಿದರು.

ಮೂಲ ಚಿತ್ರ 180 x 229 ಸೆಂಟಿಮೀಟರ್, ಇರುವುದು ಪ್ಯಾರಿಸ್ಸಿನ ಲೂವ್ರ್‌ನಲ್ಲಿ. ನಾನು ತೆಗೆದುಕೊಂಡದ್ದು ಅದರ ಅರ್ಧ. ಮೊರಾಕ್ಕೊದ ಸುಲ್ತಾನನ ಬಳಿಗೆ ಹೊರಟ ಫ್ರೆಂಚ್ ನಿಯೋಗದ ಜೊತೆ 1832ರಲ್ಲಿ ಹೋದ ದೆಲಾಕ್ರುವಾ, ಹಿಂದಿರುಗುವಾಗ ಅಲ್ಜಿಯರ್ಸಿನಲ್ಲಿ ಇದ್ದದ್ದು ಕೆಲವೇ ದಿನ. ಅಷ್ಟರಲ್ಲೇ ಒಂದು ಮನೆಯ ಒಳಕೋಣೆಗೆ ಹೋಗಿ ಬಂದ. ಫ್ರೆಂಚ್ ಸೈನ್ಯ ಆ ಊರನ್ನು ಹಿಡಿದು ಆಗ ಎರಡು ವರ್ಷವಾಗಿತ್ತು. ಆ ಬಾಗಿಲು ಅವನಿಗೆ ತೆರೆದುಕೊಂಡದ್ದು ಆ ಬಲದಿಂದ. ಇದನ್ನು ಮರೆತು ಈ ಚಿತ್ರದ ಮುಂದೆ ಕೂರುವುದು ನನ್ನಿಂದಾಗದು. ಆದರೂ ಅವನ ಜಲವರ್ಣದ ಸ್ಕೆಚ್‌ಗಳಲ್ಲಿ ಮೂನಿ, ಝೊಹ್ರಾ ಎಂದು ಆ ಹೆಂಗಸರ ಹೆಸರುಗಳಿವೆ, ಯಾವ ಬಟ್ಟೆಗೆ ಯಾವ ಬಣ್ಣ ಎಂಬ ಟಿಪ್ಪಣಿಗಳಿವೆ. ದೊಡ್ಡ ಚಿತ್ರ ಮುಗಿದದ್ದು ಪ್ಯಾರಿಸ್ಸಿನಲ್ಲಿ, 1834ರ ಸಲೋನ್ ಪ್ರದರ್ಶನಕ್ಕೆ.

ನನಗೆ ಮೊದಲ ತೊಡಕು ಮಾದರಿಯದೇ. ಕೈಯಲ್ಲಿದ್ದ ಮುದ್ರಿತ ಪ್ರತಿಗಳು ಒಂದೊಂದು ಒಂದೊಂದು ಬಣ್ಣ, ಎಲ್ಲದರ ಮೇಲೂ ಜೇನಿನಂಥ ಹಳದಿ ಛಾಯೆ. ಅದು ಹಳೆಯ ವಾರ್ನಿಷ್. 2021ರ ಸುಮಾರಿಗೆ ಲೂವ್ರ್ ಅದನ್ನು ತೆಗೆಸಿ ಚಿತ್ರವನ್ನು ಶುಚಿ ಮಾಡಿಸಿದ ಮೇಲೆ ಬಂದ ಛಾಯಾಚಿತ್ರಗಳನ್ನು ನೋಡಿದರೆ ನೆರಳಿನೊಳಗೆ ಹಸಿರು, ನೇರಳೆ, ಕೆಂಪು ಬೇರೆ ಬೇರೆಯಾಗಿ ಕಾಣುತ್ತವೆ. ನನ್ನ ಹಟಕ್ಕೆ ಆಧಾರ ಸಿಕ್ಕಿದ್ದು ಅಲ್ಲಿ. ಕಂದು ಬಳಿಯುವವರು ದೆಲಾಕ್ರುವಾನನ್ನಲ್ಲ, ವಾರ್ನಿಷನ್ನು ನಕಲು ಮಾಡುತ್ತಿದ್ದಾರೆ.

ಬಣ್ಣವನ್ನು ಪ್ಯಾಲೆಟ್ಟಿನಲ್ಲಿ ಕಲೆಸಿ ಮುಗಿಸದೆ, ಎಳೆ ಎಳೆಯಾಗಿ ಪಕ್ಕಪಕ್ಕ ಇಡುವ ದೆಲಾಕ್ರುವಾನ ರೀತಿಗೆ ಫ್ಲೋಶೆತಾಜ್ ಎಂದು ಹೆಸರು. ಮಾಡಿ ನೋಡಿದರೆ ಕಷ್ಟ ತಿಳಿಯುತ್ತದೆ. ಕೆಳಗಿನ ಪದರ ಹಸಿಯಿರುವಾಗ ಎಳೆ ಎಳೆದರೆ ಎರಡೇ ನಿಮಿಷಕ್ಕೆ ಕೆಸರು. ಒಣಗಿದ ಮೇಲೆ ಎಳೆದಾಗ ಕೆಂಪೂ ಹಸಿರೂ ಒಂದನ್ನೊಂದು ತಳ್ಳಿ, ದಿಂಬು ಚಾಪೆಯಂತೆ ಕಂಡಿತು. ಎರಡು ಕ್ಯಾನ್ವಾಸ್ ಹೀಗೇ ಹೋದವು. ಕೊನೆಗೆ ದಾರಿ ತೋರಿಸಿದ್ದು ಮೊಬೈಲ್. ಬರೆದ ಭಾಗದ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸುತ್ತೇನೆ. ಎಳೆಗಳು ಮಾಯವಾಗಿ ಒಂದೇ ಬೂದು ಉಳಿದರೆ ಸರಿ. ಗೆರೆ ಕಂಡರೆ ಒಂದು ಬಣ್ಣ ಇನ್ನೊಂದಕ್ಕಿಂತ ತಿಳಿಯಾಗಿದೆ ಎಂದರ್ಥ, ಒರೆಸಿ ಮತ್ತೆ ಬರೆಯಬೇಕು. ಬಣ್ಣ ಬೇರೆಯಿರಲಿ, ಅದರ ಗಾಢತೆ ಒಂದೇ ಇರಲಿ. ಇಷ್ಟು ಹಿಡಿತಕ್ಕೆ ಬಂದ ದಿನ ಎಡಗಡೆ ಒರಗಿ ಕೂತವಳ ಸುತ್ತಲಿನ ಕತ್ತಲೆ ಒಳಕ್ಕೆ ಸರಿಯಿತು. ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ ನಿಜಕ್ಕೂ ಹಿಗ್ಗಿದೆ.

ಎಣ್ಣೆಯ ವಿಷಯ. ಟ್ಯೂಬಿನಿಂದ ನೇರವಾಗಿ ತೆಗೆದ ಬಣ್ಣಕ್ಕೆ ಎಳೆ ನಿಲ್ಲುವುದಿಲ್ಲ, ಹರಡುತ್ತದೆ. ರಾತ್ರಿ ಕಂದು ಕಾಗದದ ಮೇಲೆ ಹಿಂಡಿಟ್ಟರೆ ಬೆಳಗಾಗುವಷ್ಟರಲ್ಲಿ ಕಾಗದ ಎಣ್ಣೆ ಹೀರಿರುತ್ತದೆ. ಅದಕ್ಕೆ ಮತ್ತೆ ನಾನು ಸೇರಿಸುವ ಮಿಶ್ರಣದ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದು ಬಹಳ ದುಡ್ಡು ತಿಂದು ಕಲಿಸಿದ ಪಾಠ.

ದುಡ್ಡು ಎಂದರೆ, ಲಿನನ್ ಕ್ಯಾನ್ವಾಸಿಗೂ ಚೌಕಟ್ಟಿಗೂ ಆರೇಳು ಸಾವಿರ, ಬಣ್ಣಕ್ಕೆ ಮೂವತ್ತು ಸಾವಿರದ ಮೇಲೆ. ಹೆಸರಿನ ಪಕ್ಕ ‘ಹ್ಯೂ’ ಎಂದಿರುವ (ಅಸಲಿ ವರ್ಣದ್ರವ್ಯದ ಬದಲು ಬೇರೆಯದು ತುಂಬಿದ) ಅಗ್ಗದ ಕ್ಯಾಡ್ಮಿಯಂ ಟ್ಯೂಬುಗಳಿಗೆ ಸುರಿದ ನಾಲ್ಕೈದು ಸಾವಿರ ಪೂರಾ ನಷ್ಟ. ಈ ಕೆಲಸದಲ್ಲಿ ಕೆಂಪಿಗೆ ಕಸುವಿಲ್ಲದಿದ್ದರೆ ಪಕ್ಕದ ಹಸಿರೂ ಸತ್ತಂತೆ. ಕೋಬಾಲ್ಟ್ ನೇರಳೆಯನ್ನು ಮಾತ್ರ ಚಿಕ್ಕ ಟ್ಯೂಬೇ ಕೊಂಡೆ, ಕೊನೆಯವರೆಗೂ ಸಾಕಾಯಿತು. ಮಳೆಗಾಲದಲ್ಲಿ ಅಲಿಜರಿನ್ ಕೆಂಪು ಒಣಗಲು ವಾರಗಟ್ಟಲೆ ಕಾಯಬೇಕಾಯಿತು. ಬಾಡಿಗೆ ಕೋಣೆಯ ಲೆಕ್ಕ ಬೇರೆ. ಮಾರಿದ್ದು ಒಂದೂವರೆ ಲಕ್ಷದ ಆಸುಪಾಸಿಗೆ. ನಕಲಿಗೆ ಇಷ್ಟು ಬೆಲೆ ನಮ್ಮ ಬಳಗದಲ್ಲಿ ಯಾರಿಗೂ ಬಂದಿರಲಿಲ್ಲ.

ನಡುವೆ ಕ್ಯಾನ್ವಾಸ್ ಒಣಗುತ್ತಿದ್ದಾಗ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಜೆರೋಮನ ‘ಹಾವಾಡಿಗ’ ಚಿತ್ರದ ನೀಲಿ ಹೆಂಚಿನ ಗೋಡೆಯ ಒಂದು ತುಂಡನ್ನು ಇದೇ ರೀತಿಯಲ್ಲಿ ಪ್ರಯತ್ನಿಸಿದೆ. ಪಶ್ಚಿಮದವರು ಪೂರ್ವವನ್ನು ಕಲ್ಪಿಸಿಕೊಂಡ ಬಗೆಯನ್ನು ಟೀಕಿಸುವ ಎಡ್ವರ್ಡ್ ಸೈದರ ‘ಓರಿಯಂಟಲಿಸಂ’ ಪುಸ್ತಕದ ರಕ್ಷಾಪುಟದಲ್ಲಿ ಬಂದ ಚಿತ್ರ ಅದು. ಸ್ವಲ್ಪವೂ ಹೊಂದಲಿಲ್ಲ. ಜೆರೋಮ್ ಕುಂಚದ ಗುರುತೇ ಇಲ್ಲದಂತೆ ನಯಮಾಡುತ್ತಾನೆ. ಇಸ್ತಾಂಬುಲಿನ ಅರಮನೆಯ ಹೆಂಚುಗಳನ್ನು ಛಾಯಾಚಿತ್ರದಷ್ಟು ಸ್ಪಷ್ಟವಾಗಿ ಬರೆದು, ಅದರ ಮುಂದೆ ಅಲ್ಲಿ ಎಂದೂ ನಡೆದಿರದ ಆಟವನ್ನು ನಿಲ್ಲಿಸಿ, ಎಲ್ಲವನ್ನೂ ಕಣ್ಣಾರೆ ಕಂಡಂತೆ ನಂಬಿಸುತ್ತಾನೆ. ಆ ನಯವೇ ಅವನ ಸುಳ್ಳಿಗೆ ಒತ್ತಾಸೆ. ದೆಲಾಕ್ರುವಾನ ಎಳೆಗಳಾದರೋ, ಇದು ಬರೆದ ಚಿತ್ರ ಎಂಬುದನ್ನು ಮುಚ್ಚಿಡುವುದಿಲ್ಲ. ನನಗೆ ಅವನು ಹತ್ತಿರವಾಗುವುದು ಅದಕ್ಕೇ.

ಕುಳಿತವರಲ್ಲಿ ಒಬ್ಬಳ ಹಸಿರು ಷರಾಯಿ ನೋಡಿ. ಹಸಿರಿನ ಮೇಲೆ ಪುಟ್ಟ ಪುಟ್ಟ ಹಳದಿ. ದೂರದಿಂದ ಅದು ರೇಷ್ಮೆ. ಚಿತ್ರಕಾರ ಸಿನ್ಯಾಕ್ 1899ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದಾನೆ. ಹಳದಿಯನ್ನು ನಾನು ಮೂರು ಗಾತ್ರಗಳಲ್ಲಿ ಇಟ್ಟು ನೋಡಿದೆ. ಅಕ್ಕಿಕಾಳಿಗಿಂತ ದೊಡ್ಡದಾದರೆ ಕಸೂತಿ ಹಾಕಿದಂತೆ ಎದ್ದು ಕಾಣುತ್ತದೆ. ಸಾಸಿವೆಯಷ್ಟಿದ್ದು, ಮಡಿಕೆಯ ಒಳಗೆ ಹೋದಂತೆ ವಿರಳವಾದರೆ ಬಟ್ಟೆ ಹೊಳೆಯುತ್ತದೆ. ಹಿರಿಯರು ಕೇಳಿದ ಹಸಿರು ಇದೇ. ಅದರಲ್ಲಿ ವಿರಿಡಿಯನ್ ಎಂಬ ನೀಲಿ ಛಾಯೆಯ ಹಸಿರು ಇದೆ ಎಂದಷ್ಟು ಹೇಳಿದೆ.

ನಾನು ಮುಂದೆ ನಕಲು ಮಾಡುವುದು ಫ್ರಾನ್ಸಿನ ಮಾಂಪೆಲಿಯೆಯ ಫಾಬ್ರ್ ಸಂಗ್ರಹಾಲಯದಲ್ಲಿರುವ, ದೆಲಾಕ್ರುವಾ ಇದೇ ವಿಷಯವನ್ನು 1849ರಲ್ಲಿ ಮತ್ತೆ ಬರೆದ ಚಿತ್ರ. ಅದರಲ್ಲಿ ಹೆಂಗಸರು ಹಿಂದಕ್ಕೆ ಸರಿದಿದ್ದಾರೆ, ಕತ್ತಲೆ ಹೆಚ್ಚು. ಕ್ಯಾನ್ವಾಸ್ ತಂದಾಗಿದೆ. ಈ ಬಾರಿ ಮೊದಲ ಪದರ ಮಳೆಗೆ ಮುಂಚೆಯೇ ಮುಗಿಯಬೇಕು.