0.9 ಆದಮೇಲೆ 0.10: ಮುಗಿಯದ ಆಟಕ್ಕೆ ನಂಬರ್ ಕೊಟ್ಟ ನನ್ನ ಅನುಭವ

ಮೂರು ವರ್ಷದಿಂದ ಕೆಲಸ ಮುಗಿಸಿ ಬಂದಮೇಲೆ ಗೋಡೋ ಅನ್ನೋ ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಒಂದು ಬೇಸಾಯದ ಆಟ ಮಾಡುತ್ತಿದ್ದೇನೆ. ರಾಗಿ ಬಿತ್ತಬೇಕು, ಕಳೆ ಕೀಳಬೇಕು, ಬೆಳೆದದ್ದನ್ನು ಸಂತೆಗೆ ಒಯ್ಯಬೇಕು. ಆಟ ಇನ್ನೂ ಮುಗಿದಿಲ್ಲ. ಆದರೂ ತಿಂಗಳಿಗೊಂದು ಬಿಲ್ಡ್, ಅಂದರೆ ಅಲ್ಲಿವರೆಗಿನ ಆಟದ ಆಡಬಲ್ಲ ಪ್ರತಿ, ತೆಗೆದು ಹತ್ತು ಹನ್ನೆರಡು ಜನಕ್ಕೆ ಆಡೋಕೆ ಕೊಡುತ್ತೇನೆ.

ಮೊದಮೊದಲು 'ಹೊಸದು', 'ಹೊಸದು2', 'ಸೋಮವಾರದ್ದು' ಅಂತ ಸುಮ್ನೆ ಬಾಯಿಗೆ ಬಂದ ಹೆಸರು ಇಡುತ್ತಿದ್ದೆ. ಯಾರಾದರೂ ಎತ್ತು ಬಾವಿಯೊಳಗೆ ಸಿಕ್ಕಿಕೊಂಡಿದೆ ಅಂದರೆ, ಅವರ ಹತ್ತಿರ ಇರೋದು ಯಾವ ಬಿಲ್ಡ್ ಅಂತ ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತಿತ್ತು. ಹಾಗಾಗಿ 0.1ರಿಂದ ನಂಬರ್ ಶುರು ಮಾಡಿದೆ.

0.9 ತನಕ ಸಲೀಸಾಗಿ ಹೋಯಿತು. ಆಮೇಲೆ 1.0 ಅನ್ನೋಕೆ ಮನಸ್ಸು ಒಪ್ಪಲಿಲ್ಲ. 1.0 ಅಂದರೆ ಪೂರ್ತಿಯಾದ ಆಟ ಅಂತ ಲೆಕ್ಕ, ನನ್ನ ಆಟಕ್ಕೆ ಇನ್ನೂ ಮಳೆಗಾಲವೇ ಬಂದಿರಲಿಲ್ಲ. ಅದಕ್ಕೆ 0.10 ಅಂತ ಹಾಕಿದೆ. ಇಲ್ಲಿರುವ ಚುಕ್ಕಿ ದಶಮಾಂಶದ್ದಲ್ಲ, ಎರಡು ಬೇರೆ ಬೇರೆ ಎಣಿಕೆಗಳ ನಡುವಿನ ಗೋಡೆ ಅಷ್ಟೇ. ಫ್ಯಾಕ್ಟೋರಿಯೋ ಅನ್ನೋ ಕಾರ್ಖಾನೆ ಕಟ್ಟುವ ಆಟ ಕೂಡ ಹೀಗೇ 0.18 ತನಕ ಬಂದು, 2020ರ ಆಗಸ್ಟಿನಲ್ಲಿ ನೇರ 1.0 ಆಯಿತು.

ಅವತ್ತು ರಾತ್ರಿಯೇ ಅಕ್ಕನ ಮಗನ ಫೋನ್. "ಮಾಮ, ನನ್ನ ಹೊಲ ಓಪನ್ನೇ ಆಗ್ತಿಲ್ಲ. ಈ ಸೇವ್ ಹೊಸ ವರ್ಷನ್ನಿನದು ಅಂತ ಬರ್ತಿದೆ."

ನಲವತ್ತು ದಿನ ಕೂತು ಬೆಳೆಸಿದ ಹೊಲ ಅದು. ಕೋಡ್ ತೆಗೆದು ನೋಡಿದರೆ ತಪ್ಪು ಎದುರಿಗೇ ಇತ್ತು. ನಂಬರುಗಳನ್ನು ನಾನು ಅಕ್ಷರದ ಸಾಲಾಗಿ ಹೋಲಿಸುತ್ತಿದ್ದೆ. ಹಾಗೆ ಮಾಡಿದರೆ ಚುಕ್ಕಿಯ ನಂತರ ಮೊದಲು ಸಿಗೋದು 1 ಮತ್ತು 9. 9 ದೊಡ್ಡದು, ಹಾಗಾಗಿ 0.9ರಲ್ಲಿ ಉಳಿಸಿದ ಹೊಲ ಮುಂದಿನ ವರ್ಷನ್ನಿನಿಂದ ಬಂದದ್ದು ಅಂತ ತಿಳಿದು ಆಟ ಬಾಗಿಲು ಹಾಕಿಬಿಟ್ಟಿತ್ತು. ಚುಕ್ಕಿಯಲ್ಲಿ ಒಡೆದು, ಒಂದೊಂದು ತುಂಡನ್ನೂ ಪೂರ್ಣಾಂಕ ಮಾಡಿ ಹೋಲಿಸಿದೆ. ಹೊಲ ವಾಪಸ್ ಬಂತು.

ಅವತ್ತಿನಿಂದ ಸೇವ್ ಫೈಲಿಗೆ (ಆಡಿದ್ದನ್ನು ಉಳಿಸಿಡುವ ಫೈಲು) ಅದರದ್ದೇ ಬೇರೆ ನಂಬರ್ ಇದೆ: 1, 2, 3. ಉಳಿಸುವ ರೀತಿ ಬದಲಾದಾಗ ಮಾತ್ರ ಏರುತ್ತದೆ, ಏರಿದಾಗ ಹಳೆಯದನ್ನು ಹೊಸದಕ್ಕೆ ತಿರುಗಿಸುವ ಫಂಕ್ಷನ್ ಒಂದನ್ನು ಅದೇ ದಿನ ಬರೆದಿಡುತ್ತೇನೆ. ಆಡುವವರು ನೋಡುವ ನಂಬರಿನಲ್ಲಿ ಈಗ ಮೂರು ತುಂಡು. ಆಟಕ್ಕೆ ಹೊಸದೇನಾದರೂ ಸೇರಿದರೆ ನಡುವಿನದು, ಬರೀ ರಿಪೇರಿಯಾದರೆ ಕೊನೆಯದು. ಆಂಡ್ರಾಯ್ಡ್‌ನಲ್ಲಿ ಇದರ ಜೊತೆಗೆ ವರ್ಷನ್ ಕೋಡ್ ಅಂತ ಒಂದು ಪೂರ್ಣಾಂಕ ಬೇಕು. ಪ್ಲೇ ಸ್ಟೋರಿಗೆ ಹಾಕುವಾಗ ಅದು ಪ್ರತಿ ಸಲ ಏರಲೇಬೇಕು, 210 ಕೋಟಿ ದಾಟುವಂತಿಲ್ಲ. ತಾರೀಖಿನ ಜೊತೆ ಗಂಟೆ, ನಿಮಿಷ ಎಲ್ಲಾ ತುರುಕಿದರೆ ಮಿತಿ ಮೀರುತ್ತದೆ, ಸುಮ್ನೆ ಒಂದೊಂದೇ ಏರಿಸಿ ಸಾಕು.

ಮುಗಿಯದ ಆಟದ ಹಂತಗಳಿಗೆ ಇಡುವ ಆಲ್ಫಾ, ಬೀಟಾ ಅನ್ನೋ ಹೆಸರು ನಾನು ಇಡಲಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಆಲ್ಫಾ ಮುಗಿದು ಬೀಟಾ ಬಂದಾಗ ಎಣಿಕೆ ಮತ್ತೆ 1.0ರಿಂದ ಶುರುವಾಯಿತು, 2011ರ ನವೆಂಬರಿನಲ್ಲಿ ಪೂರ್ತಿ ಆಟ ಬಂದಾಗ ಇನ್ನೊಮ್ಮೆ 1.0. ಹೀಗಾಗಿ ಬರೀ 1.8 ಅಂದರೆ ಯಾವುದು ಅಂತ ಕೇಳಬೇಕಾಗುತ್ತದೆ, ಅಲ್ವಾ? ನನ್ನಂತೆ ಒಬ್ಬರೇ ಕೂತು ಮಾಡುವವರಿಗೆ ಒಂದೇ ಸಾಲಿನ ಎಣಿಕೆ ಒಳ್ಳೆಯದು.

ಸದ್ಯ 0.14.3ರಲ್ಲಿ ಇದ್ದೇನೆ. ಮಳೆಗಾಲ ಬಂದಿದೆ. ಸಂತೆಯಲ್ಲಿ ಚೌಕಾಸಿ ಮಾಡೋದು ಇನ್ನೂ ಬರೆಯಬೇಕು, ಅದಾದ ದಿನ 1.0.