ಬೆನ್ನ ಹಿಂದಿನಿಂದ ತಡವಾಗಿ ಬರುವ ಸದ್ದು

ಚಿತ್ರದುರ್ಗದ ತರಾಸು ರಂಗಮಂದಿರದಲ್ಲಿ ಹಿಂದೂಸ್ತಾನಿ ಗಾಯನ ಕೇಳಿ ಬಂದ ರಾತ್ರಿ, ಮನೆಯಲ್ಲಿ ಅದೇ ರಾಗದ ಲೈವ್ ರೆಕಾರ್ಡಿಂಗ್ ಹಾಕಿದೆ. ದನಿ, ತಬಲಾ, ತಂಬೂರಿ ಎಲ್ಲ ಸ್ಪಷ್ಟವಾಗಿತ್ತು. ಸಭಾಂಗಣ ಮಾತ್ರ ಇರಲಿಲ್ಲ. ಅದನ್ನು ಮನೆಗೆ ತರಲೇಬೇಕು ಅನ್ನಿಸಿತು.

ದೊಡ್ಡ ಹಾಲ್‌ನಲ್ಲಿ ನೇರ ಸದ್ದು ಮೊದಲು ಬರುತ್ತದೆ. ಗೋಡೆ, ಚಾವಣಿಗೆ ಬಡಿದದ್ದು ಸ್ವಲ್ಪ ತಡವಾಗಿ, ಅಕ್ಕಪಕ್ಕದಿಂದ ಬಂದು ಸುತ್ತಿಕೊಳ್ಳುತ್ತದೆ. ವಿಯೆನ್ನಾದಲ್ಲಿ 1870ರಲ್ಲಿ ಆರಂಭವಾದ ಮ್ಯೂಸಿಕ್‌ವೆರೈನ್ ಸಭಾಂಗಣದಲ್ಲಿ, ಜನ ತುಂಬಿದ್ದರೂ ಸದ್ದು ಆರಲು ಸುಮಾರು 2 ಸೆಕೆಂಡ್ ಬೇಕು. ನನ್ನ ಕೋಣೆ 12 ಅಡಿಗೆ 15 ಅಡಿ. ಇಲ್ಲಿ ಗೋಡೆಯ ಸದ್ದು ತಕ್ಷಣವೇ ನೇರ ಸದ್ದಿನ ಮೇಲೆ ಬೀಳುತ್ತದೆ. ಹಾಗಾಗಿ ಮೊದಲು ಕೋಣೆಯ ಬಾಯಿ ಮುಚ್ಚಿಸಬೇಕಿತ್ತು.

ಚಪ್ಪಾಳೆ ತಟ್ಟಿದರೆ ಸದ್ದು ಟರ್ರ್ ಅಂತ ಗೋಡೆಯಿಂದ ಗೋಡೆಗೆ ಓಡುತ್ತಿತ್ತು. ಚಳ್ಳಕೆರೆಯಿಂದ ನಾಲ್ಕು ಕುರಿ ಉಣ್ಣೆ ಕಂಬಳಿ ತಂದೆ. ಎರಡು ಮಡಿಕೆ ಮಾಡಿ ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ 4 ಇಂಚು ಮುಂದೆ ನಿಲ್ಲಿಸಿದೆ. ಆ ಸಂದು ಮುಖ್ಯ. ಗೋಡೆಗೆ ಒತ್ತಿದ ಕಂಬಳಿ ಬರೀ ಚೂಪು ಸದ್ದನ್ನು ಹೀರುತ್ತದೆ, ಸಂದು ಬಿಟ್ಟರೆ ಅದಕ್ಕಿಂತ ಕೆಳಗಿನ ಸ್ಥಾಯಿಯ ಸದ್ದನ್ನೂ ಹೀರುತ್ತದೆ. ಡಗ್ಗಾದ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯದ, ಗುಂ ಅನ್ನುವುದಕ್ಕೆ ಕಂಬಳಿ ಸಾಲದು. ಸ್ಪೀಕರ್‌ಗಳನ್ನು ಗೋಡೆಯಿಂದ 3 ಅಡಿ ಮುಂದಕ್ಕೆ ತಂದ ಮೇಲೆ ಅದೂ ಹದಕ್ಕೆ ಬಂತು.

ಆಮೇಲೆ ಮಾಡಿದ್ದು ಅಮೆರಿಕದ ಆಡಿಯೋ ಎಂಜಿನಿಯರ್ ಡೇವಿಡ್ ಹಾಫ್ಲರ್ ಅವರ ಹಳೆಯ ಉಪಾಯ. ನಡುವೆ ಕೂತವರ ದನಿ ಎಡ, ಬಲ ಎರಡೂ ಚಾನೆಲ್‌ನಲ್ಲಿ ಒಂದೇ ಸಮ ಇರುತ್ತದೆ. ಸಭಾಂಗಣದ ಸದ್ದು ಹಾಗಲ್ಲ, ಎರಡರಲ್ಲೂ ಬೇರೆ ಬೇರೆ. ಇನ್ನೆರಡು ಸ್ಪೀಕರ್ ತಂದು ಬೆನ್ನ ಹಿಂದೆ ಇಟ್ಟು, ಒಂದರ ಕೆಂಪು ವೈರನ್ನು ಆಂಪ್ಲಿಫೈಯರ್‌ನ ಎಡದ ಕೆಂಪಿಗೆ, ಇನ್ನೊಂದರದ್ದನ್ನು ಬಲದ ಕೆಂಪಿಗೆ ಕೊಡಬೇಕು. ಅವುಗಳ ಕಪ್ಪು ವೈರುಗಳನ್ನು ಒಂದಕ್ಕೊಂದು ಮಾತ್ರ ಸೇರಿಸಬೇಕು. ಆಗ ಎರಡು ಚಾನೆಲ್‌ಗಳ ವ್ಯತ್ಯಾಸವಷ್ಟೇ ಹಿಂದೆ ಕೇಳುತ್ತದೆ. ಮೊದಲ ಸಲ ನಾನು ಕಪ್ಪನ್ನು ಆಂಪ್ಲಿಫೈಯರ್‌ನ ಕಪ್ಪಿಗೇ ಕೊಟ್ಟಿದ್ದೆ. ಗಾಯಕರು ಬೆನ್ನ ಹಿಂದೆ ಬಂದು ಕೂತ ಹಾಗಾಯ್ತು! ಮೋನೋ, ಅಂದರೆ ಎರಡೂ ಚಾನೆಲ್‌ನಲ್ಲಿ ಒಂದೇ ಸದ್ದಿರುವ, ರೆಕಾರ್ಡಿಂಗ್ ಹಾಕಿ ನೋಡಿ, ಹಿಂದಿನವು ಹೆಚ್ಚುಕಮ್ಮಿ ಮೌನವಾದರೆ ವೈರು ಸರಿ ಇದೆ ಅಂತ. ಕಪ್ಪು ತುದಿಯಲ್ಲೂ ಸಿಗ್ನಲ್ ಇರುವ ಬ್ರಿಡ್ಜ್ ಆಂಪ್ಲಿಫೈಯರ್‌ಗೆ ಮಾತ್ರ ಇದನ್ನು ಮಾಡಲು ಹೋಗಬೇಡಿ.

ಇನ್ನು ತಡ ಬೇಕಲ್ವಾ? ಸದ್ದು ಒಂದು ಅಡಿ ದಾಟಲು ಸುಮಾರು 1 ಮಿಲಿಸೆಕೆಂಡ್ ಬೇಕು. ಹಿಂದಿನ ಸ್ಪೀಕರ್‌ಗಳನ್ನು ಬಾಗಿಲಾಚೆ ಪಡಸಾಲೆಯಲ್ಲಿಟ್ಟು, ಮುಖವನ್ನು ಗೋಡೆಗೆ ತಿರುಗಿಸಿದೆ. ಅವುಗಳ ಸದ್ದು 25 ಅಡಿ ಸುತ್ತಿ ಬರುತ್ತದೆ, ಮುಂದಿನದು 8 ಅಡಿ. ಮೊದಲು ಬಂದ ಸದ್ದನ್ನೇ ಕಿವಿ ನಂಬುವುದರಿಂದ ಹಾಡು ಮುಂದೆಯೇ ಉಳಿಯುತ್ತದೆ.

"ಯಾಕೋ, ಸ್ಪೀಕರ್ ಗೋಡೆ ಕಡೆ ತಿರುಗಿಸಿಟ್ಟಿದೀಯಾ?" ಅಂದರು ಅಮ್ಮ. ಕೂರಿಸಿ ಕೇಳಿಸಿದೆ. ಆಲಾಪ ನಿಂತು, ದನಿ ಮೆಲ್ಲಗೆ ಕರಗಿತು. ರೆಕಾರ್ಡಿಂಗ್‌ನಲ್ಲಿ ಯಾರೋ ಕೆಮ್ಮಿದರು. ಅಮ್ಮ ಪಡಸಾಲೆಯ ಕಡೆ ತಿರುಗಿ ನೋಡಿದರು.